ಗೆಸ್ಟ್ ಕಂಡಕ್ಟರ್ ಅಂದ್ರೆ ಬದಲಿ ಮೇಷ್ಟ್ರಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಮೈಸೂರಿನವಳು. ಆರು ವರ್ಷದಿಂದ ಲಂಡನ್ನಿನ ಕ್ರಾಯ್ಡನ್‌ನಲ್ಲಿ ಇದ್ದೇನೆ. ಮುಂದಿನ ತಿಂಗಳು ಅಪ್ಪ, ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ ಸಂಗೀತದ ಹುಚ್ಚು. ಗಣಪತಿ ಹಬ್ಬ ಬಂತೆಂದರೆ ವಿ.ವಿ. ಮೊಹಲ್ಲಾದ 8ನೇ ಕ್ರಾಸ್ ಪೆಂಡಾಲಿನಲ್ಲಿ ಕಚೇರಿ ಕೇಳುತ್ತಾ ಕೂರುವವರು. ಅವರಿಗೆ ಒಂದು ದೊಡ್ಡ ಆರ್ಕೆಸ್ಟ್ರಾ ಕೇಳಿಸಬೇಕು ಅಂತ ನನಗೆ ಬಹಳ ದಿನದ ಆಸೆ. ಥೇಮ್ಸ್ ದಡದ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದ ಕಾರ್ಯಕ್ರಮಕ್ಕೆ ಮೂರು ಟಿಕೆಟ್ ತೆಗೆದುಕೊಂಡೆ. ಮೊದಲು ಬ್ರಾಮ್ಸ್‌ನ ವಯಲಿನ್ ಕನ್ಸರ್ಟೊ (ಆರ್ಕೆಸ್ಟ್ರಾದ ಜೊತೆ ಒಬ್ಬರು ಪಿಟೀಲು ನುಡಿಸುವ ಕೃತಿ), ಇಂಟರ್ವಲ್ ಆದ ಮೇಲೆ ಚೈಕೋವ್‌ಸ್ಕಿಯ ಆರನೇ ಸಿಂಫನಿ (ಇಡೀ ಆರ್ಕೆಸ್ಟ್ರಾ ನುಡಿಸುವ, ನಾಲ್ಕು ಭಾಗದ ದೊಡ್ಡ ಕೃತಿ). ದುಡ್ಡು ಕಟ್ಟಿದ ಮೇಲೆ ನೋಡಿದರೆ ಅವತ್ತು ಮುಂದೆ ನಿಂತು ಕೋಲು ಹಿಡಿದು ನಡೆಸುವುದು ಆರ್ಕೆಸ್ಟ್ರಾದ ಸ್ವಂತ ಕಂಡಕ್ಟರ್ ಅಲ್ಲ, ಹೊರಗಿನಿಂದ ಬರುವ ಗೆಸ್ಟ್ ಕಂಡಕ್ಟರ್. ಆಫೀಸಿನವರೊಬ್ಬರು "ಅಯ್ಯೋ, ಅದು ಸ್ಕೂಲಿಗೆ ಬದಲಿ ಮೇಷ್ಟ್ರು ಬಂದ ಹಾಗೆ, ಯಾರೂ ಸೀರಿಯಸ್ಸಾಗಿ ನುಡಿಸಲ್ಲ" ಎಂದರು. ಇನ್ನೊಂದು ಎಡವಟ್ಟು: ಅಗ್ಗ ಅಂತ ತೆಗೆದುಕೊಂಡ ಸೀಟುಗಳು ವೇದಿಕೆಯ ಹಿಂದೆ, ಆರ್ಕೆಸ್ಟ್ರಾದ ಬೆನ್ನಿಗೆ ಇವೆಯಂತೆ. ಅಮ್ಮನಿಗೆ ಜೋರು ಸದ್ದು ಕೇಳಿದರೆ ತಲೆನೋವು. ಅಪ್ಪನಿಗೆ ಕೆಮ್ಮು. ಜೊತೆಗೆ ಎಲ್ಲಿ ನಡುವೆ ಚಪ್ಪಾಳೆ ಹೊಡೆದುಬಿಡುತ್ತಾರೋ ಅಂತ ನನಗೆ ಭಯ. ಟಿಕೆಟ್ ಬದಲಾಯಿಸಲಾ, ವಾಪಸ್ ಕೊಡಲಾ, ಸುಮ್ನೆ ಹೋಗಿಬಿಡಲಾ? ಅಂದ ಹಾಗೆ, ಎಲ್ಲರ ಮುಂದೂ ನೋಟ್ಸ್ ಇರುವಾಗ ಈ ಕಂಡಕ್ಟರ್ ಯಾಕೆ ಬೇಕು, ಅವನೇನು ಟಿಕೆಟ್ ಹರಿಯುತ್ತಾನಾ ಅಂತ ಅಪ್ಪ ಫೋನಿನಲ್ಲಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ: ಟಿಕೆಟ್ ವಾಪಸ್ ಕೊಡಬೇಡಿ. ಅಮ್ಮನ ಸೀಟಿನ ಬಗ್ಗೆ ಮಾತ್ರ ಸ್ವಲ್ಪ ಯೋಚನೆ ಮಾಡಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಾನು ಯಾವ ಮೂಲೆಯಿಂದ ಮಾತಾಡುತ್ತಿದ್ದೇನೆ ಅಂತ ಹೇಳಿಬಿಡುತ್ತೇನೆ. ನಾನು ಕರ್ನಾಟಕ ಸಂಗೀತದ ಪಿಟೀಲಿನಿಂದ ಶುರು ಮಾಡಿ, ಆಮೇಲೆ ಈ ಕಡೆ ಬಂದವನು. ಲಂಡನ್ನಿನ ಆರ್ಕೆಸ್ಟ್ರಾಗಳಲ್ಲಿ ಸೆಕೆಂಡ್ ವಯಲಿನ್ (ಪಿಟೀಲಿನವರ ಎರಡನೇ ಗುಂಪು) ಸಾಲಿನ ಹಿಂದಿನ ಕುರ್ಚಿಗಳಲ್ಲಿ ಹದಿನೈದು ವರ್ಷದಿಂದ 'ಡೆಪ್' ಆಗಿ ನುಡಿಸುತ್ತಿದ್ದೇನೆ. ಡೆಪ್ ಅಂದರೆ ಕಾಯಂ ವಾದಕರು ರಜೆಯಲ್ಲಿದ್ದಾಗ ಕರೆ ಬರುವ ಜನ. ಹಾಗಾಗಿ ಬದಲಿ ಮೇಷ್ಟ್ರು ಯಾರಾದರೂ ಇದ್ದರೆ ಅದು ನಾನು, ಗೆಸ್ಟ್ ಕಂಡಕ್ಟರ್ ಅಲ್ಲ!

ನಿಮ್ಮ ಆಫೀಸಿನವರ ಮಾತಿನ ಹಿಂದೆ ಒಂದು ಕಲ್ಪನೆ ಇದೆ. ಪ್ರತಿ ಆರ್ಕೆಸ್ಟ್ರಾಗೂ ಮನೆಯ ಯಜಮಾನನ ಹಾಗೆ ಒಬ್ಬ ಕಂಡಕ್ಟರ್ ಇರುತ್ತಾನೆ, ವರ್ಷವಿಡೀ ಅವನೇ ನಡೆಸುತ್ತಾನೆ, ಅವನು ಇಲ್ಲದ ದಿನ ಯಾರೋ ಬಂದು ಕೋಲು ಆಡಿಸುತ್ತಾರೆ ಅಂತ. ವಾಸ್ತವ ಹಾಗಿಲ್ಲ. ಪ್ರಿನ್ಸಿಪಲ್ ಕಂಡಕ್ಟರ್, ಅಂದರೆ ಮುಖ್ಯ ಕಂಡಕ್ಟರ್ ಅನ್ನಿಸಿಕೊಂಡವರು ವರ್ಷದಲ್ಲಿ ಕೆಲವೇ ವಾರ ತಮ್ಮ ಆರ್ಕೆಸ್ಟ್ರಾದ ಜೊತೆ ಇರುತ್ತಾರೆ. ಫಿಲ್‌ಹಾರ್ಮೋನಿಯಾದ ಆ ಜಾಗಕ್ಕೆ 2021ರಲ್ಲಿ ಬಂದವರು ಫಿನ್ಲೆಂಡಿನ ಸಂತು-ಮಟಿಯಾಸ್ ರೌವಲಿ. ಆಗ ಅವರು ಸ್ವೀಡನ್ನಿನ ಗೋಥೆನ್‌ಬರ್ಗ್ ಆರ್ಕೆಸ್ಟ್ರಾವನ್ನೂ ನೋಡಿಕೊಳ್ಳುತ್ತಿದ್ದರು. ಉಳಿದ ವಾರಗಳನ್ನು ಗೆಸ್ಟ್‌ಗಳೇ ತುಂಬಬೇಕು. ಸೀಸನ್ನಿನ ಪಟ್ಟಿ ಮಾಡುವಾಗಲೇ, ಎಷ್ಟೋ ತಿಂಗಳು ಮುಂಚೆ, ಯಾವ ಗೆಸ್ಟ್‌ಗೆ ಯಾವ ಕೃತಿ ಅಂತ ಗೊತ್ತುಮಾಡಿರುತ್ತಾರೆ. ಅದು ಕೊನೆಗಳಿಗೆಯ ತೇಪೆ ಅಲ್ಲ. ರೌವಲಿ ಕೂಡ ಈ ಮನೆಗೆ ಮೊದಲು ಕಾಲಿಟ್ಟದ್ದು ಗೆಸ್ಟ್ ಆಗಿಯೇ.

ಇನ್ನೂ ದೊಡ್ಡ ಉದಾಹರಣೆ ಬೇಕಾ? ವಿಯೆನ್ನಾ ಫಿಲ್‌ಹಾರ್ಮೋನಿಕ್ ತೆಗೆದುಕೊಳ್ಳಿ. 1933ರಿಂದ ಅವರಿಗೆ ಕಾಯಂ ಕಂಡಕ್ಟರ್ ಅನ್ನುವವರೇ ಇಲ್ಲ. ಹೊಸ ವರ್ಷದ ದಿನ ಅವರ ಕಚೇರಿಯನ್ನು ಲೋಕವೆಲ್ಲಾ ಟೀವಿಯಲ್ಲಿ ನೋಡುತ್ತದಲ್ಲ, ಅದನ್ನು ನಡೆಸುವುದೂ ಗೆಸ್ಟ್. ಅಲ್ಲಿ ಎಲ್ಲರೂ ಗೆಸ್ಟ್. ಅವರನ್ನು ಯಾರಾದರೂ ಬದಲಿ ಮೇಷ್ಟ್ರ ಕ್ಲಾಸು ಅಂತಾರಾ?

ಇನ್ನು ನೀವು ಹೋಗುತ್ತಿರುವ ಆರ್ಕೆಸ್ಟ್ರಾದ ಕಥೆಯನ್ನೇ ಕೇಳಿ. ಇದನ್ನು ನಿಮ್ಮ ಅಪ್ಪನಿಗೂ ಹೇಳಿ. ವಾಲ್ಟರ್ ಲೆಗ್ ಅನ್ನುವ ರೆಕಾರ್ಡ್ ಕಂಪನಿಯ ನಿರ್ಮಾಪಕರು 1945ರಲ್ಲಿ ಫಿಲ್‌ಹಾರ್ಮೋನಿಯಾ ಕಟ್ಟಿದರು. ಹುಟ್ಟಿದ್ದೇ ರೆಕಾರ್ಡಿಂಗಿಗಾಗಿ. ಕಾಯಂ ಕಂಡಕ್ಟರ್ ಅಂತ ಒಬ್ಬರನ್ನು ಕೂರಿಸುವ ಇರಾದೆ ಲೆಗ್ ಅವರಿಗೆ ಇರಲಿಲ್ಲ. ಒಳ್ಳೊಳ್ಳೆಯವರನ್ನು ಹೊರಗಿನಿಂದ ಕರೆಸುವುದೇ ಅವರ ಪದ್ಧತಿ. ಕರಾಯನ್ ಬಂದರು. 1952ರಲ್ಲಿ ಟೋಸ್ಕನಿನಿ ಬಂದು ಇದೇ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಎರಡು ಸಂಜೆ ಬ್ರಾಮ್ಸ್ ನಡೆಸಿದರು. ಪ್ರಿನ್ಸಿಪಲ್ ಕಂಡಕ್ಟರ್ ಅಂತ ಹೆಸರಿಟ್ಟು ಕ್ಲೆಂಪರರ್ ಅವರನ್ನು ಕೂರಿಸಿದ್ದು 1959ರಲ್ಲಿ. ಅಲ್ಲಿಯವರೆಗೆ ಈ ಆರ್ಕೆಸ್ಟ್ರಾ ಹೆಸರು ಮಾಡಿದ್ದೇ ಗೆಸ್ಟ್‌ಗಳ ಕೈಯಲ್ಲಿ.

ಆ ವರ್ಷಗಳಲ್ಲಿ ಇದರ ಬೆನ್ನಿಗೆ ನಿಂತವರು ಯಾರು ಗೊತ್ತಾ? ನಿಮ್ಮೂರಿನ ಮಹಾರಾಜರು. ಜಯಚಾಮರಾಜೇಂದ್ರ ಒಡೆಯರ್ ಅವರು 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಶ್ರೀವಿದ್ಯಾ ಅಂಕಿತದ ಅವರ ಕೃತಿಗಳನ್ನು ನಿಮ್ಮ ಅಪ್ಪ ಖಂಡಿತ ಕೇಳಿರುತ್ತಾರೆ. ಅದೇ ಮನುಷ್ಯ ಪಿಯಾನೊದಲ್ಲೂ ಒಳ್ಳೆ ತರಬೇತಿ ಪಡೆದವರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ಸಂಗೀತಗಾರ ಮೆಟ್ನರ್ ಅವರ ರಚನೆಗಳನ್ನು ಸ್ವತಃ ಅವರಿಂದಲೇ ನುಡಿಸಿ ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ.

1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನ್ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದವು. ಸ್ಟ್ರಾಸ್ ಅಷ್ಟರಲ್ಲಿ ತೀರಿಹೋಗಿದ್ದರು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನುಡಿಸಿದ್ದು ಫಿಲ್‌ಹಾರ್ಮೋನಿಯಾ, ಖರ್ಚಿಗೆ ಹೊಣೆ ನಿಂತವರು ಒಡೆಯರ್. ಅವರಿಗೆ ಬರಲು ಆಗಲಿಲ್ಲ, ರೆಕಾರ್ಡ್ ಮಾಡಿಸಿ ಮೈಸೂರಿಗೆ ಕಳಿಸಿದರು. ಅವತ್ತು ನಡೆಸಿದವರು ಫುರ್ಟ್‌ವೆಂಗ್ಲರ್. ಅವರ ಹೆಸರು ಬೆಸೆದುಕೊಂಡಿದ್ದು ಬರ್ಲಿನ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆ. ಅವರೂ ಇಲ್ಲಿ ಗೆಸ್ಟೇ.

ಇನ್ನು "ಯಾರೂ ಸೀರಿಯಸ್ಸಾಗಿ ನುಡಿಸಲ್ಲ" ಅನ್ನುವ ಮಾತು. 1964ರಲ್ಲಿ ಲೆಗ್ ಆರ್ಕೆಸ್ಟ್ರಾವನ್ನು ನಿಲ್ಲಿಸುವುದಾಗಿ ಹೇಳಿದಾಗ ವಾದಕರೇ ಒಟ್ಟಾಗಿ ಅದನ್ನು ಉಳಿಸಿಕೊಂಡರು. ಅಂದಿನಿಂದ ಆಡಳಿತ ಅವರದ್ದೇ. ಲಂಡನ್ನಿನ ಇಂಥ ಆರ್ಕೆಸ್ಟ್ರಾಗಳಲ್ಲಿ ನುಡಿಸುವವರಿಗೆ ತಿಂಗಳ ಸಂಬಳ ಅಂತ ಇಲ್ಲ. ಬಂದು ನುಡಿಸಿದ ಕೆಲಸಕ್ಕೆ ದುಡ್ಡು. ನನ್ನಂಥ ಡೆಪ್ ಒಂದು ದಿನ ಕೈಕಾಲು ಬಿಟ್ಟು ಕೂತರೆ ಮುಂದಿನ ತಿಂಗಳು ಫೋನ್ ಬರುವುದಿಲ್ಲ. ಗೆಸ್ಟ್‌ಗೂ ಅಷ್ಟೇ. ವಾದಕರಿಗೆ ಹಿಡಿಸದಿದ್ದರೆ ಮತ್ತೆ ಕರೆ ಇಲ್ಲ. ಹಾಗಾಗಿ ಎರಡೂ ಕಡೆ ಒಂಥರಾ ಹೆಣ್ಣು ನೋಡುವ ಶಾಸ್ತ್ರದ ಎಚ್ಚರ ಇರುತ್ತದೆ. ಉಪ್ಪಿಟ್ಟು ಕೇಸರಿಬಾತು ಒಂದಿಲ್ಲ.

ನಿಜವಾದ ಬದಲಿ ಅಂದರೆ ಬೇರೆ. ಬರಬೇಕಾದವರು ಕಾಯಿಲೆ ಬಿದ್ದಾಗ ಓಡಿಬಂದು ನಿಲ್ಲುವವರು. ಅದಕ್ಕೂ ಹೆದರಬೇಕಿಲ್ಲ. 1983ರಲ್ಲಿ ಫಿಲ್‌ಹಾರ್ಮೋನಿಯಾದ ಒಂದು ಕಚೇರಿಗೆ ಮೈಕಲ್ ಟಿಲ್ಸನ್ ಥಾಮಸ್ ಬರಲಾಗದೆ, ಇಪ್ಪತ್ತೈದು ವರ್ಷದ ಫಿನ್ಲೆಂಡಿನ ಹುಡುಗನೊಬ್ಬನನ್ನು ಕರೆಸಿದರು. ಕೃತಿ ಮಾಹ್ಲರ್‌ನ ಮೂರನೇ ಸಿಂಫನಿ, ಒಂದೂವರೆ ಗಂಟೆಯ ಬೆಟ್ಟ. ಆ ಹುಡುಗ ಎಸಾ-ಪೆಕ್ಕಾ ಸಲೋನೆನ್. 2008ರಲ್ಲಿ ಅವರೇ ಅದೇ ಆರ್ಕೆಸ್ಟ್ರಾದ ಪ್ರಿನ್ಸಿಪಲ್ ಕಂಡಕ್ಟರ್ ಆದರು. ಕಲಾವಿದರು ಬದಲಾದರೆ ಸಾಮಾನ್ಯವಾಗಿ ಟಿಕೆಟ್ ದುಡ್ಡು ವಾಪಸ್ ಬರುವುದಿಲ್ಲ. ಅಷ್ಟು ತಿಳಿದಿರಲಿ.

ಹಾಗಂತ ಗೆಸ್ಟ್ ಅಂದರೆ ಯಾವಾಗಲೂ ಹಬ್ಬ ಅಂತ ನಾನು ಹೇಳುವುದಿಲ್ಲ. ಅಪಾಯ ಇದೆ. ಆದರೆ ಅದು ನಿಮ್ಮ ಆಫೀಸಿನವರು ಹೇಳಿದ ಕಡೆ ಇಲ್ಲ. ಅದು ಇರುವುದು ಸಮಯದಲ್ಲಿ.

ನಮ್ಮ ಕಡೆ ಕಚೇರಿಯಲ್ಲಿ ಪಕ್ಕವಾದ್ಯದವರು ಎಷ್ಟೋ ಸಲ ಹಾಡುವವರನ್ನು ನೇರ ವೇದಿಕೆ ಮೇಲೇ ಭೇಟಿಯಾಗುತ್ತಾರೆ. ರಿಹರ್ಸಲ್ ಇಲ್ಲ. ಆದರೂ ನಡೆಯುತ್ತದೆ. ಯಾಕೆಂದರೆ ಇರುವವರು ಮೂರ್ನಾಲ್ಕು ಜನ. ಪಿಟೀಲಿನವರು ಹಾಡುವವರ ಉಸಿರಿನ ಹಿಂದೆಯೇ ಅರ್ಧ ಹೆಜ್ಜೆ ಬಿಟ್ಟು ಹೋಗುತ್ತಾರೆ. ಇಲ್ಲಿ ಎಂಬತ್ತು, ತೊಂಬತ್ತು ಜನ. ಹಿಂದಿನ ಸಾಲಿನ ತುತ್ತೂರಿಯವನಿಗೂ ಮುಂದೆ ಚೆಲ್ಲೋ ಅನ್ನುವ ದೊಡ್ಡ ಪಿಟೀಲು ಹಿಡಿದವಳಿಗೂ ನಡುವೆ ಅಂಗಳದಷ್ಟು ದೂರ. ಸದ್ದು ಬಂದು ಮುಟ್ಟುವುದರಲ್ಲೇ ತಡವಾಗುತ್ತದೆ. ಕಿವಿಯನ್ನೇ ನಂಬಿದರೆ ಹಿಂದೆ ಬೀಳುತ್ತೀರಿ. ಅದಕ್ಕೇ ಎಲ್ಲರಿಗೂ ಕಣ್ಣಿಗೆ ಕಾಣುವ ಒಂದು ಕೈ ಬೇಕು. ನೋಟ್ಸ್ ಎಲ್ಲರ ಮುಂದೂ ಇದೆ, ನಿಜ. ಆದರೆ ನನ್ನ ಮುಂದೆ ಇರುವುದು ನನ್ನ ಸಾಲು ಮಾತ್ರ. ಉಳಿದವರು ಏನು ನುಡಿಸುತ್ತಾರೆ ಅಂತ ಅದರಲ್ಲಿ ಇರುವುದಿಲ್ಲ. ಎಲ್ಲರ ಸಾಲನ್ನೂ ಒಟ್ಟಿಗೆ ನೋಡುತ್ತಿರುವವರು ಕಂಡಕ್ಟರ್ ಒಬ್ಬರೇ. 'ಮೆಲ್ಲಗೆ' ಅಂತ ಬರೆದಿದ್ದರೆ ಎಷ್ಟು ಮೆಲ್ಲಗೆ? 'ನಿಧಾನ' ಅಂದರೆ ಎಷ್ಟು ನಿಧಾನ? ತೊಂಬತ್ತು ಜನ ತೊಂಬತ್ತು ಉತ್ತರ ಕೊಟ್ಟರೆ ಸಂತೆ. ನಿಮ್ಮ ಅಪ್ಪನ ಪ್ರಶ್ನೆಗೆ ಇದೇ ಉತ್ತರ.

ಕಂಡಕ್ಟರ್ ಇಲ್ಲದೆಯೂ ನುಡಿಸಬಹುದು, ಅದನ್ನೂ ಮಾಡಿ ನೋಡಿದ್ದಾರೆ. 1922ರಲ್ಲಿ ಮಾಸ್ಕೋದಲ್ಲಿ ಪೆರ್ಸಿಮ್‌ಫಾನ್ಸ್ ಅನ್ನುವ ಆರ್ಕೆಸ್ಟ್ರಾ ಶುರುವಾಯಿತು. ಯಜಮಾನಿಕೆ ಬೇಡ ಅನ್ನುವ ಕಾಲ, ಕೋಲು ಹಿಡಿದವನೂ ಬೇಡ ಅಂದರು. ಒಬ್ಬರ ಮುಖ ಒಬ್ಬರಿಗೆ ಕಾಣುವ ಹಾಗೆ ಸುತ್ತ ಕೂತು ನುಡಿಸಿದರು. ಚೆನ್ನಾಗಿಯೇ ನುಡಿಸಿದರಂತೆ. ಆದರೆ ಅದಕ್ಕೆ ಬೇಕಾದ ರಿಹರ್ಸಲ್ ಲೆಕ್ಕವಿಲ್ಲದಷ್ಟು. ಹತ್ತು ವರ್ಷದಲ್ಲಿ ಮುಗಿಯಿತು.

ಲಂಡನ್ನಿನಲ್ಲಿ ಅಷ್ಟು ಪುರುಸೊತ್ತು ಇಲ್ಲ. ಒಂದು ಕಚೇರಿಗೆ ಮೂರು, ಹೆಚ್ಚೆಂದರೆ ನಾಲ್ಕು ಸಲ ಕೂರುತ್ತೇವೆ. ಒಂದೊಂದು ಮೂರು ಗಂಟೆ, ನಡುವೆ ಚಹಾ. ಕೊನೆಯದು ಕಚೇರಿಯ ದಿನವೇ, ಅದೇ ಹಾಲ್‌ನಲ್ಲಿ. ಅಷ್ಟರಲ್ಲಿ ಗೆಸ್ಟ್ ಆದವರು ನಮ್ಮನ್ನು ಅರ್ಥ ಮಾಡಿಕೊಳ್ಳಬೇಕು. ನಾವು ಅವರ ಕೈಯನ್ನು ಓದುವುದು ಕಲಿಯಬೇಕು. ಹೊರಗಿನವರಿಗೆ ಗೊತ್ತಾಗದ ಒಂದು ವಿಷಯ: ಕೋಲು ಕೆಳಗೆ ಬಂದ ಕ್ಷಣಕ್ಕೇ ಸದ್ದು ಬರುವುದಿಲ್ಲ. ಒಂದು ಎಳೆ ತಡವಾಗಿ ಬರುತ್ತದೆ. ಆ ಎಳೆ ಒಂದೊಂದು ಆರ್ಕೆಸ್ಟ್ರಾದಲ್ಲಿ ಒಂದೊಂದು ಅಳತೆ. ಹೊಸ ಗೆಸ್ಟ್ ಮೊದಲ ಹತ್ತು ನಿಮಿಷ ಅದನ್ನೇ ಅಳೆಯುತ್ತಿರುತ್ತಾರೆ. ಕೆಲವರು ಗಾಬರಿಯಾಗಿ ಕೈ ಬೇಗ ಬೇಗ ಬೀಸುತ್ತಾರೆ. ಕೆಟ್ಟಿತು. ಅನುಭವಸ್ಥರು ಕೈ ಹಾಗೇ ಬಿಟ್ಟು ನಾವು ಬರುವುದನ್ನು ಕಾಯುತ್ತಾರೆ.

ಒಬ್ಬರು ಗೆಸ್ಟ್ ನೆನಪಾಗುತ್ತಾರೆ. ಹೆಸರು ಬೇಡ. ಮೂರು ಗಂಟೆಯಲ್ಲಿ ಒಂದೂಕಾಲು ಗಂಟೆ ಮಾತಾಡಿದರು, ಶರತ್ಕಾಲದ ಎಲೆ, ಅಜ್ಜಿಯ ಮನೆ, ಸಾವು ಅಂತೆಲ್ಲ. ಸಂಜೆ ನಾವು ಅವರ ಕೈ ನೋಡಲೇ ಇಲ್ಲ. ಲೀಡರ್ ಅಂದರೆ ಮೊದಲ ಸಾಲಿನ ಮೊದಲ ಪಿಟೀಲಿನವರು. ಅವರ ಕಮಾನು ನೋಡಿಕೊಂಡು ನುಡಿಸಿ ಎದ್ದು ಬಂದೆವು. ಜನ ಚಪ್ಪಾಳೆ ತಟ್ಟಿದರು. ಕೇಳಿದವರಿಗೆ ತಪ್ಪೇನೂ ಕಂಡಿರಲಿಕ್ಕಿಲ್ಲ. ನಮಗೆ ಮಾತ್ರ ಗೊತ್ತಿತ್ತು, ಅದು ಬಾಯಿಪಾಠ ಒಪ್ಪಿಸಿದ್ದು ಅಂತ. ಗೆಸ್ಟ್ ಇದ್ದಾಗ ಆಗಬಹುದಾದ ಕೆಟ್ಟದ್ದು ಇಷ್ಟೇ: ಗೊತ್ತಿರುವ ಕೃತಿ, ಕಡಿಮೆ ಸಮಯ, ಸುರಕ್ಷಿತವಾದ ಒಂದು ಸಂಜೆ. ಇನ್ನೊಬ್ಬರು ಬಂದಿದ್ದರು, ಮಾತೇ ಕಡಿಮೆ. ಒಂದು ಕಡೆ ನಿಲ್ಲಿಸಿ "ಇಲ್ಲಿ ಅರ್ಧ ಕಮಾನು ಸಾಕು" ಎಂದರು. ಅಷ್ಟೇ. ನೂರು ಸಲ ನುಡಿಸಿದ ಪುಟ ಬೇರೆ ಪುಟ ಆಯಿತು. ಹೊರಗಿನವರ ಕಣ್ಣಿಗೆ ಬಿದ್ದದ್ದು ಮನೆಯವರ ಕಣ್ಣಿಗೆ ಬಿದ್ದಿರುವುದಿಲ್ಲ, ಅಲ್ವಾ?

ಈಗ ನಿಮ್ಮ ಸಂಜೆಗೆ ಬರೋಣ. ಬ್ರಾಮ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಲವತ್ತು ನಿಮಿಷ, ಪಿಟೀಲು, ನಿಮ್ಮ ಅಪ್ಪನಿಗೆ ಕಿವಿ ತಾನಾಗೇ ಹೋಗುತ್ತದೆ. ಎರಡನೇ ಭಾಗದಲ್ಲಿ ಮುಖ್ಯ ರಾಗವನ್ನು ಮೊದಲು ಹಾಡುವುದು ಓಬೋ ಅನ್ನುವ ಊದುವ ವಾದ್ಯ, ಪಿಟೀಲಿನವರು ಸುಮ್ಮನೆ ನಿಂತು ಕಾಯಬೇಕು. ಅದೊಂದು ಚಂದ.

ಚೈಕೋವ್‌ಸ್ಕಿ ಮಾತ್ರ ಗೆಸ್ಟ್ ಕಂಡಕ್ಟರನ್ನು ಅಳೆಯುವುದಕ್ಕೆ ಹೇಳಿ ಮಾಡಿಸಿದ ಕೃತಿ. ಅದನ್ನು ಅವರು 1893ರ ಅಕ್ಟೋಬರ್ 28ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತಾವೇ ಮೊದಲ ಸಲ ನಡೆಸಿದರು. ಒಂಬತ್ತು ದಿನದಲ್ಲಿ ತೀರಿಕೊಂಡರು. ಅದಕ್ಕೇ ಇದರ ಸುತ್ತ ಕಥೆಗಳು ಜಾಸ್ತಿ. ಕಥೆ ಬಿಡಿ, ಕೆಲಸ ನೋಡಿ.

ಮೊದಲ ಭಾಗದ ನಡುವೆ ಒಂದು ಕಡೆ ಎಲ್ಲಾ ಅಡಗುತ್ತಾ ಅಡಗುತ್ತಾ ಕ್ಲಾರಿನೆಟ್ ಒಂದೇ ಉಳಿಯುತ್ತದೆ. ಅದೂ ಕ್ಷೀಣವಾಗಿ, ಕೊನೆಯ ನಾಲ್ಕು ಸ್ವರ ಬಸೂನ್ ಅನ್ನುವ ಇನ್ನೊಂದು ಊದುವ ವಾದ್ಯಕ್ಕೆ ಹೋಗುತ್ತದೆ. ಮೆಲ್ಲಗೆ ಅನ್ನುವುದಕ್ಕೆ ನಮ್ಮಲ್ಲಿ ಒಂದು ಪಿ ಬರೆಯುತ್ತಾರೆ, ಇನ್ನೂ ಮೆಲ್ಲಗೆ ಅಂದರೆ ಎರಡು. ಚೈಕೋವ್‌ಸ್ಕಿ ಅಲ್ಲಿ ಆರು ಪಿ ಬರೆದಿದ್ದಾರೆ. ಬಸೂನ್‌ನಲ್ಲಿ ಆ ಜಾಗದ ಸ್ವರ ಅಷ್ಟು ಮೆಲ್ಲಗೆ ಬರುವುದು ಬಲು ಕಷ್ಟ. ಹಾಗಾಗಿ ಬಹಳಷ್ಟು ಕಂಡಕ್ಟರ್‌ಗಳು ಅದನ್ನು ಬಾಸ್ ಕ್ಲಾರಿನೆಟ್‌ಗೆ ಕೊಟ್ಟುಬಿಡುತ್ತಾರೆ. ಕೆಲವರು ಬರೆದದ್ದು ಬರೆದ ಹಾಗೇ ಇರಲಿ ಅನ್ನುತ್ತಾರೆ. ಯಾರು ನುಡಿಸುತ್ತಾರೆ ನೋಡಿ. ಆ ಕ್ಷಣ ಹಾಲ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಉಸಿರು ಹಿಡಿದಿರುತ್ತಾರೆ. ಮರುಕ್ಷಣ ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಸಿಡಿಲಿನ ಹಾಗೆ ಬೀಳುತ್ತದೆ. ತೂಕಡಿಸುತ್ತಿದ್ದವರು ಕುರ್ಚಿಯಿಂದ ಹಾರಿದ್ದನ್ನು ನಾನು ನೋಡಿದ್ದೇನೆ. ಅಮ್ಮನಿಗೆ ಮೊದಲೇ ಹೇಳಿರಿ.

ಎರಡನೇ ಭಾಗ ಅಪ್ಪನಿಗೆ. ಕೇಳಿದರೆ ವಾಲ್ಟ್ಸ್ ನೃತ್ಯದ ಹಾಗೆ ಇರುತ್ತದೆ. ಆದರೆ ವಾಲ್ಟ್ಸ್‌ಗೆ ಮೂರು ಎಣಿಕೆ, ಇಲ್ಲಿ ಐದು. ಎರಡು, ಆಮೇಲೆ ಮೂರು. ತಕ ತಕಿಟ, ತಕ ತಕಿಟ. ಹೌದು, ನಮ್ಮ ಖಂಡ ಚಾಪು! ಪಶ್ಚಿಮದ ಅಂದಿನ ಕೇಳುಗರಿಗೆ ಇದು ಕುಂಟುವ ವಾಲ್ಟ್ಸ್ ಅನ್ನಿಸಿತ್ತು. ನಿಮ್ಮ ಅಪ್ಪನಿಗೆ ಕುಂಟುವ ಹಾಗೆ ಕಾಣುವುದೇ ಇಲ್ಲ. ಗೆಸ್ಟ್ ಆ ಐದನ್ನು ಎಣಿಸಿ ಎಣಿಸಿ ತೋರಿಸುತ್ತಾರಾ, ಎರಡು ಬೀಸಿನಲ್ಲಿ ತೇಲಿಸುತ್ತಾರಾ ಅಂತ ಅಪ್ಪನೇ ನಿಮಗೆ ಹೇಳುತ್ತಾರೆ ನೋಡಿ. ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕಿಕೊಳ್ಳಲಿ. ಸದ್ದು ಮಾತ್ರ ಬೇಡ.

ನಾಲ್ಕನೇ ಭಾಗದ ಶುರು ನನಗೆ ವೈಯಕ್ತಿಕ. ಮೊದಲ ಸಲ ಈ ಸಿಂಫನಿಗೆ ಕರೆ ಬಂದಾಗ ಮನೆಯಲ್ಲಿ ನನ್ನ ಸೆಕೆಂಡ್ ವಯಲಿನ್ ಸಾಲನ್ನು ಅಭ್ಯಾಸ ಮಾಡಿದೆ. ರಾಗವೇ ಬರುತ್ತಿಲ್ಲ. ಸ್ವರಗಳು ಮೇಲಕ್ಕೂ ಕೆಳಕ್ಕೂ ಸುಮ್ನೆ ಹಾರಾಡುತ್ತವೆ. ಪ್ರಿಂಟ್ ತಪ್ಪಿರಬೇಕು ಅಂದುಕೊಂಡೆ. ರಿಹರ್ಸಲ್‌ನಲ್ಲಿ ಫಸ್ಟ್ ವಯಲಿನ್‌ಗಳ ಜೊತೆ ನುಡಿಸಿದಾಗ ಗಾಳಿಯಲ್ಲಿ ಆ ಇಳಿಯುವ ರಾಗ ಎದ್ದು ನಿಂತಿತು. ಚೈಕೋವ್‌ಸ್ಕಿ ಅದರ ಒಂದು ಸ್ವರವನ್ನು ಅವರಿಗೆ, ಮುಂದಿನ ಸ್ವರವನ್ನು ನಮಗೆ, ಹೀಗೆ ಹಂಚಿದ್ದಾರೆ. ಜನ ಕೇಳುವ ರಾಗವನ್ನು ವೇದಿಕೆಯ ಮೇಲೆ ಯಾರೂ ನುಡಿಸುತ್ತಿರುವುದಿಲ್ಲ! ಈಗ ಗೆಸ್ಟ್ ಮಾಡುವ ಒಂದು ತೀರ್ಮಾನ ಇಲ್ಲಿ ಮುಖ್ಯ. ಎರಡೂ ವಯಲಿನ್ ಗುಂಪುಗಳನ್ನು ಒಂದೇ ಕಡೆ ಅಕ್ಕಪಕ್ಕ ಕೂರಿಸಿದರೆ ರಾಗ ಒಂದೇ ಎಳೆಯಾಗಿ ಕೇಳುತ್ತದೆ. ಹಳೆಯ ಪದ್ಧತಿಯಂತೆ ಎಡಕ್ಕೊಂದು, ಬಲಕ್ಕೊಂದು ಕೂರಿಸಿದರೆ ರಾಗ ವೇದಿಕೆಯ ಆಚೆಯಿಂದ ಈಚೆಗೆ ನಡುಗುತ್ತಾ ಓಡಾಡುತ್ತದೆ. ಕೆಲವು ಗೆಸ್ಟ್‌ಗಳು ಮೊದಲ ದಿನವೇ ಕುರ್ಚಿಗಳನ್ನು ಬದಲಿಸಲು ಹೇಳುವುದು ಇದಕ್ಕೇ. ಕೂತ ತಕ್ಷಣ ಮೊದಲು ಅದನ್ನು ನೋಡಿಕೊಳ್ಳಿ.

ಇಲ್ಲಿಗೆ ನಿಮ್ಮ ಸೀಟಿನ ಮಾತು ಬಂತು. ಅಲ್ಲಿನ ಜನ ಅದಕ್ಕೆ ಕಾಯರ್ ಸೀಟು ಅಂತಾರೆ. ಹಾಡುವ ತಂಡ ಇದ್ದಾಗ ಅವರು ಕೂರುವ ಜಾಗ, ಇಲ್ಲದಾಗ ಅಗ್ಗಕ್ಕೆ ಮಾರುತ್ತಾರೆ. ನನ್ನನ್ನು ಕೇಳಿದರೆ ಮೊದಲ ಸಲ ಬರುವವರಿಗೆ ಇದರಷ್ಟು ಒಳ್ಳೆಯ ಜಾಗ ಇಲ್ಲ. ಮುಂದೆ ದುಬಾರಿ ಸೀಟಿನಲ್ಲಿ ಕೂತವರಿಗೆ ಕಾಣುವುದು ಕಂಡಕ್ಟರ್ ಬೆನ್ನು. ನಿಮಗೆ ಮುಖ. ನಾವು ವಾದಕರು ನೋಡುವುದನ್ನೇ ನೀವೂ ನೋಡುತ್ತೀರಿ. ಬಲಗೈ ಲೆಕ್ಕ ಇಡುತ್ತಿರುತ್ತದೆ. ಎಡಗೈ "ಇನ್ನೂ ಸ್ವಲ್ಪ", "ಸಾಕು", "ಬನ್ನಿ" ಅನ್ನುತ್ತಿರುತ್ತದೆ. ಎಲ್ಲಕ್ಕಿಂತ ಕಣ್ಣು. ಹಾರ್ನ್‌ನವನು ಶುರು ಮಾಡುವ ಎರಡು ಸೆಕೆಂಡು ಮೊದಲೇ ಅವನ ಕಡೆ ನೋಡಿರುತ್ತಾರೆ. ಗೆಸ್ಟ್ ಮತ್ತು ಆರ್ಕೆಸ್ಟ್ರಾ ಹೊಂದಿಕೊಂಡಿದ್ದಾರಾ ಇಲ್ಲವಾ ಅಂತ ಆ ಮುಖದಲ್ಲಿ ಐದು ನಿಮಿಷಕ್ಕೆ ಗೊತ್ತಾಗುತ್ತದೆ.

ಆದರೆ ಕೇಳುವ ಲೆಕ್ಕದಲ್ಲಿ ನಷ್ಟ ಇದೆ, ಮುಚ್ಚಿಡುವುದಿಲ್ಲ. ಬ್ರಾಮ್ಸ್‌ನಲ್ಲಿ ಪಿಟೀಲು ನುಡಿಸುವವರು ಆ ಕಡೆ ಮುಖ ಮಾಡಿ ನಿಂತಿರುತ್ತಾರೆ. ಅವರ ಸದ್ದು ನಿಮ್ಮಿಂದ ದೂರ ಹೋಗುತ್ತದೆ. ಹಾರ್ನ್ ವಾದ್ಯದ ಬಾಯಿ ಹಿಂದಕ್ಕೆ ಇರುವುದರಿಂದ ಅದು ನಿಮಗೇ ಊದಿದ ಹಾಗೆ ಕೇಳುತ್ತದೆ. ದೊಡ್ಡ ಡೋಲು, ಟಿಂಪನಿ ನಿಮ್ಮ ಕಾಲ ಕೆಳಗೇ. ಮೂರನೇ ಭಾಗದಲ್ಲಿ ಒಂದು ಮೆರವಣಿಗೆ ಹೊರಡುತ್ತದೆ. ಆಗ ತಾಳದ ತಟ್ಟೆ, ಡೋಲು ಎಲ್ಲಾ ಸೇರಿ ಕುರ್ಚಿಯೇ ಅದುರುತ್ತದೆ. ಅಪ್ಪನಿಗೆ ಇದು ಖುಷಿ ಕೊಡಬಹುದು. ಅಮ್ಮನಿಗೆ ಕಷ್ಟ.

ಹಾಗಾಗಿ ಮೂರು ಟಿಕೆಟ್ಟನ್ನೂ ಬದಲಾಯಿಸಬೇಡಿ. ಬಾಕ್ಸ್ ಆಫೀಸಿಗೆ ಫೋನ್ ಮಾಡಿ, ಒಂದು ಟಿಕೆಟ್ ಮಾತ್ರ ವೇದಿಕೆಯ ಎದುರು ಭಾಗದ ಹಿಂದಿನ ಸಾಲುಗಳಿಗೆ ಅಥವಾ ಬಾಲ್ಕನಿಗೆ ಬದಲಾಯಿಸಲು ಆಗುತ್ತದಾ ಕೇಳಿ. ಸ್ವಲ್ಪ ಶುಲ್ಕ ಇರಬಹುದು. ಅಮ್ಮ ಒಬ್ಬರೇ ಕೂರಲು ಒಪ್ಪಲಿಲ್ಲ ಅಂದರೆ ನೀವಿಬ್ಬರೂ ಆ ಕಡೆ ಹೋಗಿ, ಅಪ್ಪ ಒಬ್ಬರೇ ಇಲ್ಲಿ ಕೂರಲಿ. ಪೆಂಡಾಲಿನಲ್ಲಿ ಅಷ್ಟು ವರ್ಷ ಕೂತವರಿಗೆ ಇದು ದೊಡ್ಡದಲ್ಲ. ಯಾವುದೂ ಆಗಲಿಲ್ಲವಾ, ಕಿವಿಗೆ ಇಡುವ ಮೆತ್ತನೆಯ ಪ್ಲಗ್ ಅಮ್ಮನ ಪರ್ಸಿನಲ್ಲಿ ಇರಲಿ. ನಾವು ವಾದಕರೇ ಎಷ್ಟೋ ಜನ ಇಟ್ಟುಕೊಳ್ಳುತ್ತೇವೆ. ನಾಚಿಕೆಯ ಮಾತಲ್ಲ.

ಬಟ್ಟೆಗೆ ಯಾವ ನಿಯಮವೂ ಇಲ್ಲ. ಸ್ವೆಟರ್ ಸಾಕು, ಅಮ್ಮ ರೇಷ್ಮೆ ಉಟ್ಟರೂ ಚಂದ. ತಡವಾಗಿ ಮಾತ್ರ ಹೋಗಬೇಡಿ, ಮಧ್ಯೆ ಬಿಡುವು ಸಿಗುವವರೆಗೆ ಹೊರಗೇ ನಿಲ್ಲಿಸುತ್ತಾರೆ. ಬ್ರಾಮ್ಸ್ ನಲವತ್ತು ನಿಮಿಷ ಅಂದೆನಲ್ಲ, ತಡವಾದರೆ ಅದರ ದೊಡ್ಡ ಭಾಗ ಹೋದಂತೆ. ಶೌಚಾಲಯಕ್ಕೆ ಶುರುವಿಗೆ ಮೊದಲೇ ಹೋಗಿ ಬನ್ನಿ. ಇಂಟರ್ವಲ್‌ನಲ್ಲಿ ಹೆಂಗಸರ ಸಾಲು ಉದ್ದ. ಮೊದಲೇ ಹೋದರೆ ಅಲ್ಲಿನ ಗಾಜಿನ ಲಿಫ್ಟ್ ಹತ್ತಿಸಿ. ಮೇಲೆ ಹೋದ ಹಾಗೆ ಅದರೊಳಗೆ ಕೇಳಿಬರುವ ಹಾಡುಗಾರರ ದನಿ ಏರುತ್ತಾ ಹೋಗುತ್ತದೆ, ಇಳಿದ ಹಾಗೆ ಇಳಿಯುತ್ತದೆ. ಮಾರ್ಟಿನ್ ಕ್ರೀಡ್ ಅನ್ನುವ ಕಲಾವಿದರ ಕೆಲಸ. ಆರೋಹಣ ಅವರೋಹಣ ಲಿಫ್ಟಿನಲ್ಲಿ ಅಂತ ಅಪ್ಪ ನಗಬಹುದು.

ಕೆಮ್ಮಿಗೆ ಗುಳಿಗೆಯನ್ನು ಮೊದಲೇ ಕಾಗದ ಬಿಡಿಸಿ ಕರವಸ್ತ್ರದಲ್ಲಿ ಇಟ್ಟುಕೊಳ್ಳಲಿ. ಕೆಮ್ಮಿಗಿಂತ ಆ ಪರಪರ ಸದ್ದೇ ಜಾಸ್ತಿ ಕೆಡಿಸುವುದು. ತಡೆಯಲಾಗದ ಕೆಮ್ಮು ಬಂದರೆ ಜೋರಾಗಿ ನುಡಿಸುವ ಜಾಗದಲ್ಲಿ ಕೆಮ್ಮಿಬಿಡಲಿ. ಅದಕ್ಕೆ ಕಾಯರ್ ಸೀಟು ಒಳ್ಳೆಯದು, ಅಲ್ಲಿ ಡೋಲು ಹತ್ತಿರ!

ಕೊನೆಗೆ ಚಪ್ಪಾಳೆ. ಸಿಂಫನಿಯ ನಾಲ್ಕು ಭಾಗಗಳ ನಡುವೆ ಚಪ್ಪಾಳೆ ಹೊಡೆಯಬಾರದು ಅನ್ನುವುದು ಪುರಾತನ ಶಾಸ್ತ್ರ ಅಂತ ಜನ ತಿಳಿದಿದ್ದಾರೆ. ಅಲ್ಲ. 1778ರಲ್ಲಿ ಪ್ಯಾರಿಸ್‌ನಲ್ಲಿ ತನ್ನ ಸಿಂಫನಿ ನುಡಿಸುತ್ತಿದ್ದಾಗಲೇ ಮೊದಲ ಭಾಗದ ನಡುವೆ ಜನ ಚಪ್ಪಾಳೆ ಹೊಡೆದರು ಅಂತ ಮೊಜಾರ್ಟ್ ಹಿಗ್ಗಿ ಅಪ್ಪನಿಗೆ ಕಾಗದ ಬರೆದಿದ್ದಾನೆ. ತನಿ ಆವರ್ತನ ಆದಾಗ ನಾವು ತಟ್ಟುತ್ತೇವಲ್ಲ, ಹಾಗೆ. ಮೌನವಾಗಿ ಕೂರುವ ಈ ಪದ್ಧತಿ ಗಟ್ಟಿಯಾಗಿದ್ದು 20ನೇ ಶತಮಾನದಲ್ಲಿ. ಈ ಚೈಕೋವ್‌ಸ್ಕಿಯಲ್ಲಂತೂ ಮೂರನೇ ಭಾಗ ಎಷ್ಟು ಗೆದ್ದ ಠೀವಿಯಲ್ಲಿ ಮುಗಿಯುತ್ತದೆಂದರೆ ಲಂಡನ್ನಿನ ಹಳಬರೂ ಕೈ ತಟ್ಟಿಬಿಡುತ್ತಾರೆ. ಅಪ್ಪ ತಟ್ಟಿದರೆ ಅವರು ಒಂಟಿಯಾಗಿರುವುದಿಲ್ಲ. ಇದನ್ನು ತಡೆಯಲು ಕೆಲವು ಗೆಸ್ಟ್‌ಗಳು ಕೈ ಇಳಿಸದೆ ನೇರ ನಾಲ್ಕನೇ ಭಾಗಕ್ಕೆ ಧುಮುಕುತ್ತಾರೆ. ಇನ್ನು ಕೆಲವರು ತಟ್ಟಲಿ ಬಿಡಿ ಅಂತ ಕಾಯುತ್ತಾರೆ. ಅವರು ಎಂಥವರು ಅನ್ನುವುದಕ್ಕೆ ಅದೂ ಒಂದು ಗುರುತು.

ಕೊನೆಯ ಭಾಗ ಜೋರಾಗಿ ಮುಗಿಯುವುದಿಲ್ಲ. ಚೆಲ್ಲೋ, ಡಬಲ್ ಬಾಸ್ ಮಾತ್ರ ಉಳಿದು, ಅವೂ ನಂದುತ್ತವೆ. ಯಾವಾಗ ಮುಗಿಯಿತು ಅಂತ ಕಿವಿಗೆ ಗೊತ್ತಾಗುವುದಿಲ್ಲ, ಕಂಡಕ್ಟರ್ ಕೈ ನೋಡಬೇಕು. ಕೈ ಇಳಿದು, ಭುಜ ಸಡಿಲವಾಗುವವರೆಗೆ ಯಾರೂ ಅಲ್ಲಾಡುವುದಿಲ್ಲ. ಎಲ್ಲರಿಗೂ ನಾನು ಹೇಳುವ ಸೂತ್ರ "ಕಂಡಕ್ಟರ್ ನಿಮ್ಮ ಕಡೆ ತಿರುಗಿದಾಗ ಚಪ್ಪಾಳೆ" ಅಂತ. ನಿಮ್ಮ ಸೀಟಿಗೆ ಅದು ಉಲ್ಟಾ. ಅಪ್ಪನಿಗೆ ಹೀಗೆ ಹೇಳಿ: ಆಯಪ್ಪ ನಮಗೆ ಬೆನ್ನು ಹಾಕಿದಾಗ ತಟ್ಟೋದು, ಅಲ್ಲೀತನಕ ಕೈ ತೊಡೆ ಮೇಲೆ.